ಎಷ್ಟು ನಮೂನಿ ಸಿಕ್ಕವು?

ಈ ಬೇಸಿಗೆಯಲ್ಲಿ ಯರಗೇರಾಕ್ಕೆ ಹೋದಾಗ ಬ್ಯಾಗಿನಿಂದ ನನ್ನ ಹೊಸ ಗಾಳದ ಕೋಲು ತೆಗೆದೆ. ಮಾವ ನೋಡಿ ನಕ್ಕಿದ್ದೇ ನಕ್ಕಿದ್ದು.

"ಅಳಿಯಾ, ಇದು ಗಾಳನೋ ಊದಿನಕಡ್ಡಿನೋ? ಇದರಾಗ ಕಪ್ಪಿಮರಿ ಹಿಡೀತಿ ಏನು?"

ನಗಲಿ ಬಿಡಿ. ಇದಕ್ಕೆ ಅಲ್ಟ್ರಾಲೈಟ್ ಅಂತಾರೆ. ಆರಡಿ ಕೋಲು, ತುದಿ ಬೆರಳು ತಾಗಿದರೂ ಬಾಗುತ್ತೆ. ದಾರ 0.16 ಮಿ.ಮೀ., ಕೊಕ್ಕೆ ಅಕ್ಕಿಕಾಳಿನಷ್ಟು. ಚಿಕ್ಕವರಿದ್ದಾಗ ನಾವು ಬಿದಿರುಕೋಲಿಗೆ ತಂಗೂಸಿ ಕಟ್ಟಿ, ಜೋಳದ ದಂಟಿನ ಬೆಂಡು ತೇಲಿಬಿಡುತ್ತಿದ್ದೆವು. ಬೆರಳುದ್ದದ ಮೀನು ಕಚ್ಚಿದರೆ ಒಂದೇ ಏಟಿಗೆ ಅದು ತಲೆ ಮೇಲಿಂದ ಹಾರಿ ಹಿಂದಿನ ಜಾಲಿಗಿಡಕ್ಕೆ! ಈ ಕೋಲಿನಲ್ಲಿ ಹಾಗಲ್ಲ. ಅದೇ ಮೀನು ಕೋಲನ್ನು ಬಿಲ್ಲಿನ ಹಾಗೆ ಬಗ್ಗಿಸುತ್ತೆ. ಸ್ವಲ್ಪ ದೊಡ್ಡದು ಎಳೆದರೆ ರೀಲು ತಾನೇ ದಾರ ಬಿಟ್ಟುಕೊಡುತ್ತೆ, ಹರಿಯೋದಿಲ್ಲ.

ಬೆಳಗಿನ ಜಾವ ಮಂತ್ರಾಲಯದ ರಸ್ತೆ ಹಿಡಿದು, ಗಿಲ್ಲೇಸುಗೂರು ದಾಟಿ ತುಂಗಭದ್ರೆಗೆ ಹೋದ್ವಿ. ಹೊಳೆಯಲ್ಲಿ ನೀರೆಲ್ಲಿ? ಬಂಡೆಗಳ ನಡುವೆ ಅಲ್ಲಲ್ಲಿ ಮಡುಗಳು, ಅಷ್ಟೆ. ಎರೆಹುಳದ ಒಂದು ಚೂರು ಸಿಕ್ಕಿಸಿ ಬಿಟ್ಟೆ.

ಮೊದಲು ಬೆಳ್ಳಿಯಂಥ ಪಕ್ಕೆ. ಆಮೇಲೆ ಜಿಲೇಬಿ, ಮತ್ತೆ ಜಿಲೇಬಿ, ಇನ್ನೊಂದು ಜಿಲೇಬಿ... 1952ರಲ್ಲಿ ಭಾರತಕ್ಕೆ ಬಂದ ಈ ಆಫ್ರಿಕಾದ ಮೀನು ಈಗ ಎಲ್ಲ ನೀರಲ್ಲೂ ಮನೆಮಗ. ಅದರಾಚೆ ಮೀಸೆಯ ಗಿರ್ಲು. ತಳದ ಮರಳಿನದೇ ಬಣ್ಣದ ಗೋಬಿ. ಒಳಗಿನ ಮೂಳೆ ಕಾಣುವ ಗಾಜಿನಂಥ ಪುಟ್ಟ ಮೀನು. ಚಿಕ್ಕವನಿದ್ದಾಗ ಇವೆಲ್ಲ ನನಗೆ ಬರೀ 'ಸಣ್ಣ ಮೀನು'. ಒಂದೊಂದಕ್ಕೂ ಬೇರೆ ಮುಖ ಇದೆ ಅಂತ ಗೊತ್ತಾಗಿದ್ದು ಆವತ್ತೇ.

ಈ ಹುಚ್ಚು ನನ್ನೊಬ್ಬನದೇ ಅಲ್ಲ. ಹೆನ್ರಿ ಸಲಿವನ್ ಥಾಮಸ್ ಅನ್ನೋ ಬ್ರಿಟಿಷ್ ಅಧಿಕಾರಿ ಗಾಳದ ಬಗ್ಗೆ ಬರೆದ ಪುಸ್ತಕ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಗಿತ್ತು. ಆಮೇಲೆ ಕೆರೆಯ ಮೀನುಗಳಿಗೇ ಅಂತ ಇನ್ನೊಂದನ್ನೂ ಬರೆದ. ಜಪಾನಿನಲ್ಲಂತೂ ತನಾಗೋ ಎಂಬ ಬೆರಳುದ್ದದ ಮೀನಿಗೆಂದೇ ಕೊಕ್ಕೆ ಮಸೆಯುವ ಹಳೇ ಕಲೆಯೇ ಇದೆ.

ಆರನೆಯದು ಚೇಳುಮೀನು. ಕೊಕ್ಕೆ ಬಿಡಿಸುವಾಗ ರೆಕ್ಕೆಯ ಮುಳ್ಳು ಹೆಬ್ಬೆರಳಿಗೆ ನಾಟಿತು. ಅಯ್ಯಪ್ಪಾ! ಮೊಣಕೈವರೆಗೂ ಉರಿ. ಮಾವ ಓಡಿಹೋಗಿ ದಾರಿ ಬದಿಯ ಚಹಾದಂಗಡಿಯಿಂದ ಬಿಸಿನೀರು ತಂದರು. ತಡೆಯುವಷ್ಟು ಬಿಸಿಯಲ್ಲಿ ಕೈಯಿಟ್ಟು ಕೂತಮೇಲೆ ನೋವು ಇಳಿಯಿತು. ಆಗ ಮಾವ ಮೆಲ್ಲಗೆ ಕೇಳಿದರು:

"ತಿನ್ನಾಕಲ್ಲ, ಮಾರಾಕಲ್ಲ. ಮತ್ತ ಯಾಕ ಹಿಡೀತಿ? ಅದಕ್ಕೂ ಹಿಂಗ ನೋವಾಗಂಗಿಲ್ಲೇನು?"

ಉತ್ತರ ಹೊಳೆಯಲಿಲ್ಲ. ಅವರು ಹಿಡಿದದ್ದು ಮನೆಯ ಸಾರಿಗಾದರೂ ಆಗುತ್ತೆ. ನನ್ನದು ಬರೀ ಆಟ. ಇಕ್ಕಳದಿಂದ ಕೊಕ್ಕೆಯ ಹಿಮ್ಮುಳ್ಳು ಒತ್ತಿಬಿಟ್ಟೆ, ಸಲೀಸಾಗಿ ಬಿಡಿಸಲು ಬರಲಿ ಅಂತ. ಕೈ ಒದ್ದೆ ಮಾಡಿಕೊಂಡೇ ಮೀನು ಮುಟ್ಟಿದೆ. ಒಂದು ನಮೂನಿಯದು ಒಮ್ಮೆ ಸಿಕ್ಕರೆ ಸಾಕು, ಮತ್ತೆ ಅದರ ಹಿಂದೆ ಬೀಳಬಾರದು ಅಂದುಕೊಂಡೆ. ಇಷ್ಟಕ್ಕೆ ಮಾವನ ಪ್ರಶ್ನೆ ತೀರಿತು ಅಂತ ಹೇಳೋ ಧೈರ್ಯ ನನಗಿಲ್ಲ.

ಮರುದಿನ ಒಬ್ಬನೇ ಹೋಗಿ ಬಂದೆ. ಕಟ್ಟೆ ಮೇಲೆ ಕೂತಿದ್ದ ಮಾವ ದೂರದಿಂದಲೇ ಕೂಗಿದರು:

"ಅಳಿಯಾ, ಇವತ್ತ ಎಷ್ಟು ನಮೂನಿ?"

"ಎರಡು, ಮಾವ."

"ಹೆಸರು ಹೇಳು ನೋಡೋಣು."

ಒಂದರ ಹೆಸರು ಗೊತ್ತಿರಲಿಲ್ಲ. ಮೊಬೈಲಿನಲ್ಲಿ ಫೋಟೋ ತೋರಿಸಿದೆ. ಕನ್ನಡಕ ತರಲು ಮಾವ ಒಳಗೆ ಹೋದರು.