ಅಮ್ಮನ ದನಿಯ ಏರಿಳಿತ

ಬಹರೈನಿನ ಜುಲೈ ತಿಂಗಳಲ್ಲಿ ಏಸಿ ಆರಿಸಿ ಕೂರುವವರನ್ನು ಹುಚ್ಚರೆಂದೇ ಕರೆಯಬೇಕು. ಕಳೆದ ಬೇಸಿಗೆಯ ಒಂದು ಶುಕ್ರವಾರ ಗುದೈಬಿಯಾದ ನಮ್ಮ ಫ್ಲ್ಯಾಟಿನಲ್ಲಿ ನಾನು ಆ ಕೆಲಸ ಮಾಡಿದೆ. ಹೊರಗೆ ನಲವತ್ತು ಡಿಗ್ರಿ ದಾಟಿದ ಬಿಸಿಲು. ಒಳಗೆ ತಲೆಯ ಮೇಲೆ ಕಂಬಳಿ ಹೊದ್ದು, ಮೊಬೈಲಿನ ಮುಂದೆ ಎರಡು ನಿಮಿಷ ಮಾತನಾಡುವುದು, ಮತ್ತೆ ಏಸಿ ಹಾಕಿ ಬೆವರು ಒರೆಸಿಕೊಳ್ಳುವುದು. ಹೆಂಡತಿ ಅಡುಗೆಮನೆಯಿಂದ ಇಣುಕಿ, "ಇದಕ್ಕಿಂತ ಊರಿಗೇ ಹೋಗಿ ಬರಬಹುದಿತ್ತಲ್ಲ" ಎಂದಳು.

ವಿಷಯ ಇಷ್ಟು. ನಾನು ಈ ದ್ವೀಪಕ್ಕೆ ಬಂದದ್ದು 1993ರಲ್ಲಿ. 1996ರ ರಜೆಗೆ ಊರಿಗೆ ಹೊರಟಾಗ ಮನಾಮಾ ಸೂಕ್‌ನಲ್ಲಿ ಒಂದು ಕ್ಯಾಮ್‌ಕಾರ್ಡರ್ ಕೊಂಡಿದ್ದೆ. ಪುತ್ತೂರಿನ ಹತ್ತಿರದ ನಮ್ಮ ಹಳೆಯ ಹೆಂಚಿನ ಮನೆ, ಅಡಿಕೆ ಒಣಗಿಸುವ ಅಂಗಳ, ಹಟ್ಟಿ, ತೋಟಕ್ಕೆ ಇಳಿಯುವ ಮೆಟ್ಟಿಲು, ಹೆಗಲಿಗೆ ಬೈರಾಸು ಹಾಕಿಕೊಂಡು ಕ್ಯಾಮೆರಾದಿಂದ ತಪ್ಪಿಸಿಕೊಳ್ಳುವ ಅಪ್ಪ, ಎಲ್ಲವೂ ಆ ಕ್ಯಾಸೆಟ್ಟಿನಲ್ಲಿತ್ತು. ಈಗ ಆ ಮನೆ ಇಲ್ಲ, ಅಪ್ಪನೂ ಇಲ್ಲ. ಇಲ್ಲೇ ಹುಟ್ಟಿ ಬೆಳೆದ ಮಗಳು ಎರಡನ್ನೂ ನೋಡಿಲ್ಲ. ಅಮ್ಮನಿಗೆ ಎಂಬತ್ತು ತುಂಬುವ ಹೊತ್ತಿಗೆ ಅದನ್ನೊಂದು ಚಿಕ್ಕ ಚಿತ್ರವಾಗಿ ಮಾಡೋಣವೆಂದು ಹೊರಟೆ. ಕ್ಯಾಸೆಟ್ಟಿನ ತುಂಬ ಬರೀ ಗಾಳಿಯ ಸದ್ದು. ಹಾಗಾಗಿ ಚಿತ್ರ ನೋಡುತ್ತಾ ವಿವರಣೆ ಹೇಳಬೇಕೆಂದು ಅಮ್ಮನನ್ನೇ ಕೇಳಿದೆ. ತಮ್ಮ ತನ್ನ ಮೊಬೈಲಿನಲ್ಲಿ ಅಮ್ಮನ ಮಾತನ್ನು ಹಿಡಿದು ಕಳಿಸಿದ. ನಡುನಡುವೆ ಸೇರಿಸುವ ನಾಲ್ಕು ಮಾತು ಮಾತ್ರ ನನ್ನದು.

ಅಮ್ಮನ ಹನ್ನೊಂದು ನಿಮಿಷದ ಮಾತು ಕಿವಿಗೆ ಹಾಕಿಕೊಂಡಾಗ ಗಾಬರಿಯಾಯಿತು. ಮೊದಲ ಎರಡು ನಿಮಿಷ ಕಿವಿ ಒಡೆಯುವ ಹಾಗೆ ಕೂಗುತ್ತಾಳೆ. ಆಮೇಲೆ ದನಿ ಇಳಿಯುತ್ತಾ ಹೋಗಿ ಏನೂ ಕೇಳಿಸುವುದಿಲ್ಲ. ಮತ್ತೆ ಇದ್ದಕ್ಕಿದ್ದಂತೆ "ಕೇಳ್ತದಾ ಮಗಾ?" ಎಂಬ ಕೂಗು.

ಕಾರಣ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ತೊಂಬತ್ತರ ದಶಕದಲ್ಲಿ ನಾನು ಬೂತಿನಿಂದ ಪಕ್ಕದ ಮನೆಗೆ ಫೋನ್ ಮಾಡುತ್ತಿದ್ದೆ. ಅಮ್ಮ ಗದ್ದೆ ಬದುವಿನಲ್ಲಿ ಓಡಿ ಬರುವಷ್ಟರಲ್ಲಿ ಕಾರ್ಡಿನ ಫಿಲ್ಸ್‌ಗಳು ಕರಗುತ್ತಿದ್ದವು. ಬಂದವಳು ಸಮುದ್ರದಾಚೆಗೆ ಮುಟ್ಟಿಸಬೇಕೆಂಬಂತೆ ಕೂಗಿ ಮಾತಾಡುತ್ತಿದ್ದಳು. ಬಹರೈನಿಗೆ ಹೋಗುವ ಮಾತೆಂದರೆ ಅವಳಿಗೆ ಈಗಲೂ ಜೋರಾಗಿಯೇ ಹೇಳಬೇಕಾದ ಮಾತು. ಚಿತ್ರ ನೋಡುತ್ತಾ ನೋಡುತ್ತಾ ಬಹರೈನ್ ಮರೆತಾಗ ದನಿ ತಾನಾಗಿ ಇಳಿಯುತ್ತದೆ. ಇದರ ಜೊತೆಗೆ ಮೊಬೈಲ್ ಹಿಡಿದ ಕೈಯೂ ಸೋತು ಕೆಳಗಿಳಿದಿರಬೇಕು. ಬಾಯಿಗೂ ಮೈಕಿಗೂ ಇರುವ ದೂರ ಒಂದು ಗೇಣಿನಿಂದ ಎರಡು ಗೇಣಾದರೆ ಸದ್ದು ಸುಮಾರು 6 ಡೆಸಿಬೆಲ್ ಕುಸಿಯುತ್ತದೆ. ಅಂದಹಾಗೆ, ಡೆಸಿಬೆಲ್‌ನ ಬೆಲ್ ಎಂದರೆ 1876ರಲ್ಲಿ ಟೆಲಿಫೋನಿಗೆ ಪೇಟೆಂಟ್ ಪಡೆದ ಗ್ರಹಾಂ ಬೆಲ್ಲನ ಹೆಸರೇ. ನಮ್ಮಿಬ್ಬರ ಕಷ್ಟಕ್ಕೆ ಎರಡು ಕಡೆಯಿಂದಲೂ ಅವನೇ ಸಾಕ್ಷಿ.

ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶದಲ್ಲಿ ಕೆಲಸ ಶುರುಮಾಡಿದೆ. ಮೊದಲು 'ನಾರ್ಮಲೈಸ್' ಒತ್ತಿದೆ. ಏನೂ ಪ್ರಯೋಜನವಾಗಲಿಲ್ಲ. ಅದು ಇಡೀ ದನಿಯಲ್ಲಿ ಅತಿ ಎತ್ತರದ ಒಂದು ಬಿಂದುವನ್ನು ನೋಡಿ, ಎಲ್ಲವನ್ನೂ ಒಂದೇ ಅಳತೆಯಲ್ಲಿ ಏರಿಸುತ್ತದೆ ಅಥವಾ ಇಳಿಸುತ್ತದೆ. ಅಮ್ಮನ ಕೂಗು ಆಗಲೇ ಮಾಡು ಮುಟ್ಟಿದ್ದರಿಂದ ಪಿಸುಮಾತಿಗೆ ಏಳಲು ಜಾಗವೇ ಇರಲಿಲ್ಲ. ಆಮೇಲೆ 'ಕಂಪ್ರೆಸರ್' ಹಾಕಿದೆ. ಅದು ಒಂದು ಗೆರೆ ದಾಟಿದ ಸದ್ದನ್ನು ಅದುಮಿ, ಬಳಿಕ ಒಟ್ಟು ದನಿಯನ್ನು ಮೇಲೆತ್ತುತ್ತದೆ. ಬಲವಾಗಿಯೇ ಅದುಮಿದೆ. ಪಿಸುಮಾತು ಮೇಲೆ ಬಂತು. ಅದರ ಬೆನ್ನಿಗೇ ಫ್ಯಾನಿನ ಗುಂಯ್‌ಗುಟ್ಟುವಿಕೆ, ಜೀರುಂಡೆ, ದೂರದ ನಾಯಿ ಕೂಡ ಬಂದವು.

ಅಷ್ಟರ ನಡುವೆ ಆ ಮಾತು ಕೇಳಿಸಿತು.

ಪರದೆಯಲ್ಲಿ ಅಪ್ಪ ಅಂಗಳದ ಅಡಿಕೆ ಹರವುತ್ತಿರುವ ದೃಶ್ಯ. ಅಲ್ಲಿ ಅಮ್ಮ ಸುಮ್ಮನಿದ್ದಾಳೆಂದು ನಾನು ತಿಳಿದಿದ್ದೆ. ಅವಳು ಸುಮ್ಮನಿರಲಿಲ್ಲ. "ಹೋಗುವ ದಿನ ರಾತ್ರಿ ಎರಡು ಸಲ ಕೇಳಿದ್ರು, ಫೋನು ಬಂತಾ ಅಂತ" ಎಂದಿದ್ದಳು.

ಅಪ್ಪ ತೀರಿಹೋದದ್ದು 2004ರಲ್ಲಿ. ನಾನು ಮನೆ ಮುಟ್ಟಿದ್ದು ಮರುದಿನ, ಎಲ್ಲ ಮುಗಿದ ಮೇಲೆ. ಕೊನೆಗೆ ಏನಾದರೂ ಹೇಳಿದರಾ ಎಂದು ಆಗ ಕೇಳಿದ್ದೆ. "ಏನಿಲ್ಲ, ನಿದ್ದೆಯಲ್ಲೇ ಹೋದ್ರು" ಎಂದಿದ್ದಳು ಅಮ್ಮ. ಆ ವಾರ ನಾನು ಫೋನ್ ಮಾಡಿರಲಿಲ್ಲ. ಶುಕ್ರವಾರ ಮಾಡಿದರಾಯಿತು ಎಂದುಕೊಂಡಿದ್ದೆ.

ಏಸಿ ಹಾಕಲು ಮರೆತು ಎಷ್ಟೋ ಹೊತ್ತು ಕೂತಿದ್ದೆ. ಸಂಜೆ ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ಅವಳು ಸ್ವಲ್ಪ ತಡೆದು, "ಅದು ನಿನಗೆ ಹೇಳಿದ್ದಲ್ಲ ಮಗಾ. ಅವರನ್ನು ನೋಡುವಾಗ ಬಾಯಿಗೆ ಬಂತು" ಎಂದಳು. ಆ ಉತ್ತರವನ್ನು ಅವಳು ಕೂಗಿ ಹೇಳಲಿಲ್ಲ. "ತೆಗೆಯಲಾ?" ಎಂದೆ. "ನಿನ್ನ ಇಷ್ಟ" ಎಂದಳು.

ಮರುದಿನ ಎಲ್ಲವನ್ನೂ ಅಳಿಸಿ ಮೊದಲಿನಿಂದ ಮಾಡಿದೆ. ಬರೀ ಫ್ಯಾನಿನ ಸದ್ದಿರುವ ಎರಡು ಸೆಕೆಂಡಿನ ತುಣುಕನ್ನು ಮಾದರಿಯಾಗಿ ಕೊಟ್ಟು ಮೊದಲು ಗುಂಯ್‌ಗುಟ್ಟುವಿಕೆಯನ್ನು ತಗ್ಗಿಸಿದೆ. ಆಮೇಲೆ ಎನ್ವಲಪ್ ಸಲಕರಣೆ ಹಿಡಿದು ವಾಕ್ಯ ವಾಕ್ಯವಾಗಿ, ಕೂಗನ್ನು ಇಳಿಸಿ ಪಿಸುಮಾತನ್ನು ಏರಿಸಿದೆ. ಕಂಪ್ರೆಸರನ್ನು ಕೊನೆಯಲ್ಲಿ ತೆಳುವಾಗಿ ಸವರಿದೆ. ಹನ್ನೊಂದು ನಿಮಿಷಕ್ಕೆ ಮೂರು ರಾತ್ರಿ ಹಿಡಿಯಿತು. ಕೈಯಿಂದ ಸಮ ಮಾಡಿದ ಮೇಲೆ ಯಂತ್ರಕ್ಕೆ ಬಿಟ್ಟರೆ ದನಿ ದನಿಯಾಗಿಯೇ ಉಳಿಯುತ್ತದೆ. ಮೊದಲೇ ಯಂತ್ರಕ್ಕೆ ಬಿಟ್ಟರೆ ರೈಲ್ವೆ ನಿಲ್ದಾಣದ ಪ್ರಕಟಣೆಯಾಗುತ್ತದೆ. ಮನೆಯ ವಿಡಿಯೋ ಮಾಡುವವರಿಗೆ ನಾನು ಹೇಳಬಹುದಾದ ಬುದ್ಧಿ ಇಷ್ಟೇ.

ಆ ಒಂದು ವಾಕ್ಯವನ್ನು ಉಳಿಸಿಕೊಂಡೆ. ಉಳಿದ ಮಾತಿನ ಸಮಕ್ಕೆ ಮಾತ್ರ ಏರಿಸಲಿಲ್ಲ. ಕಿವಿಗೊಟ್ಟರೆ ಕೇಳುವಷ್ಟು ಬಿಟ್ಟೆ.

ಚಿತ್ರ ನೋಡುವಾಗ ಮಗಳು ಆ ಜಾಗದಲ್ಲಿ ರಿಮೋಟ್ ಎತ್ತಿ ಸೌಂಡ್ ಹೆಚ್ಚಿಸಿದಳು. "ಅಜ್ಜಿ ಏನಂದ್ರು ಇಲ್ಲಿ?" ಎಂದು ಕೇಳಿದಳು. ನಾನೇ ಹೇಳಿದೆ. ಅವಳು ಏನೂ ಮಾತಾಡದೆ ಹಿಂದಕ್ಕೆ ಹೋಗಿ ಇನ್ನೊಮ್ಮೆ ಹಾಕಿದಳು. ಈಗ ನಾನು ಶುಕ್ರವಾರಕ್ಕೆ ಕಾಯುವುದಿಲ್ಲ. ಮಂಗಳವಾರವೂ ಮಾಡುತ್ತೇನೆ. ಅಮ್ಮ ಎತ್ತಿದ ಕೂಡಲೇ ಕೂಗುತ್ತಾಳೆ, "ಕೇಳ್ತದಾ ಮಗಾ?"

ಕೇಳ್ತದೆ ಅಮ್ಮಾ.