ದಾದರ್ ಸೇತುವೆಯ ಮೇಲೆ

ಸಂಜೆ ಏಳಕ್ಕೆ ದಾದರ್ ಸೇತುವೆಯಲ್ಲಿ ನಾವು ನಡೆಯುವುದಿಲ್ಲ. ಜನರೇ ನಮ್ಮನ್ನು ಸೆಂಟ್ರಲ್ ಲೈನಿನ ಕಡೆ ಸಾಗಿಸುತ್ತಾರೆ. ಊರಿಂದ ಬಂದ ಅಕ್ಕ ಬ್ಯಾಗನ್ನು ಎದೆಗವಚಿಕೊಂಡು, "ಕಾರ್ಡು ತಾಗಿಸಿದ್ರೆ ಸಾಕು ದುಡ್ಡು ಹೋಗುತ್ತಂತೆ. ಈ ನೂಕುನುಗ್ಗಲಲ್ಲಿ ಯಾರಾದ್ರೂ ಮೆಷಿನ್ ತಾಗಿಸಿದ್ರೆ?" ಎಂದಳು. ನಕ್ಕುಬಿಟ್ಟೆ.

ಮೆಷಿನ್ ಕೆಲವೇ ಸೆಂಟಿಮೀಟರ್ ಹತ್ತಿರ ಬರಬೇಕು, ನಿಜ. ಆದರೆ ದಾದರಿನಲ್ಲಿ ಅಷ್ಟು ದೂರವಾದರೂ ಯಾರು ನಿಲ್ಲುತ್ತಾರೆ? 2021ರ ಜನವರಿಯಿಂದ ಪಿನ್ ಇಲ್ಲದೆ ಒಮ್ಮೆಗೆ 5000 ರೂಪಾಯಿವರೆಗೆ ಪಾವತಿಯಾಗುತ್ತದೆ. ನನ್ನ ಭಯ ಕಳೆದುಹೋಗುವ ಪರ್ಸಿನದು: ಸಿಕ್ಕವನು ಕಾರ್ಡು ಹಿಡಿದು ಅಂಗಡಿ ಅಂಗಡಿ ಸುತ್ತಬಹುದು.

ಮಾಟುಂಗಾದಲ್ಲಿ ಇಳಿದು, ಕಾಫಿ ಬರುವಷ್ಟರಲ್ಲಿ ಬ್ಯಾಂಕಿನ ಆ್ಯಪಿನಲ್ಲಿ ಅವಳ ಕಾರ್ಡಿನ ಟ್ಯಾಪ್ ಸೌಲಭ್ಯ ಆಫ್ ಮಾಡಿದೆವು. ಬೇಕಾದಾಗ ಆನ್ ಮಾಡಿಕೊಳ್ಳಬಹುದು.

"ನಿಂದು?" ಎಂದಳು ಅಕ್ಕ.

ನನ್ನದು ಆನ್ ಇತ್ತು.