60 ಕಿಲೋಮೀಟರಿನ ಲೆಕ್ಕ

ಎಲೆಕ್ಟ್ರಿಕ್ ಸೈಕಲ್ ಎಂದೊಡನೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ಓಡುತ್ತದೆ?’ ಅಂಗಡಿಯವರ ಬಳಿ ಇದಕ್ಕೆ ಸಿದ್ಧ ಉತ್ತರವೂ ಇರುತ್ತದೆ. ನಮಗೆ ಸಿಕ್ಕಿದ ಉತ್ತರ 60 ಕಿ.ಮೀ. ಆದರೆ ಮೊದಲ ವಾರ ಅದು ಓಡಿದ್ದು 32 ಕಿ.ಮೀ. ಮಾತ್ರ. ಉಳಿದ 28 ಎಲ್ಲಿ ಹೋಯಿತು?

ನಮಗೆ ಇದು ಬರೀ ಕುತೂಹಲದ ಪ್ರಶ್ನೆಯಾಗಿರಲಿಲ್ಲ. ಸೈಕಲ್ ತಂದದ್ದು ತಂದೆಯವರಿಗಾಗಿ. ಮಂಗಳೂರಿನ ಬಿಕರ್ನಕಟ್ಟೆಯ ನಮ್ಮ ಮನೆಯಿಂದ ಬಂದರಿನ ಸಗಟು ಅಂಗಡಿಗೆ ಸುಮಾರು 6 ಕಿ.ಮೀ. ಅಲ್ಲಿ ಲೆಕ್ಕ ಬರೆಯುವ ಅವರು ವರ್ಷಗಟ್ಟಲೆ ಸೈಕಲಿನಲ್ಲೇ ಹೋಗಿ ಬಂದವರು. ಎದೆನೋವು ಬಂದು ಆಸ್ಪತ್ರೆ ಸೇರಿ ಮರಳಿದ ಮೇಲೆ ವೈದ್ಯರು ಹೇಳಿದರು: ‘ಸೈಕಲ್ ಬಿಡಬೇಡಿ. ಆದರೆ ಏದುಸಿರು ಬರುವಂತೆ ಏರು ತುಳಿಯಬೇಡಿ.’ ಮಂಗಳೂರಿನಲ್ಲಿ ಏರಿಲ್ಲದ ರಸ್ತೆಯನ್ನು ಎಲ್ಲಿಂದ ತರುವುದು? ಸ್ಕೂಟರ್ ಆಗಬಹುದೆಂದು ನಾವು ಮಕ್ಕಳು ಹೇಳಿದಾಗ ಉಮ್ಮ ಒಪ್ಪಲಿಲ್ಲ. ‘ಸ್ಕೂಟರಿನಲ್ಲಿ ಕೂತ ಮೇಲೆ ನಿಮ್ಮ ಬಾಪ ಮತ್ತೆ ಕಾಲು ಆಡಿಸುತ್ತಾರೆಯೇ?’ ಎಂಬ ಅವರ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಹಾಗಾಗಿ ಈ ಸೈಕಲ್ ಬಂತು. ಆದರೆ ಸಂಜೆ ಜ್ಯೋತಿ ಕಡೆಗೆ ಏರುವಾಗ ಬ್ಯಾಟರಿ ಕೈಕೊಟ್ಟರೆ, 22 ಕಿಲೋ ಭಾರದ ಗಾಡಿಯನ್ನು ಎದೆನೋವಿನ ಮನುಷ್ಯ ತಳ್ಳಬೇಕು. ನಮ್ಮ ಆತಂಕ ಇದೇ ಆಗಿತ್ತು.

ಕಾಲಿನ ಜೊತೆಗೆ ಮೋಟಾರನ್ನು ದುಡಿಸುವ ಕಲ್ಪನೆಯನ್ನು ಮಾರುಕಟ್ಟೆಗೆ ತಂದದ್ದು ಜಪಾನಿನ ಯಮಹಾ, 1993ರಲ್ಲಿ. ಸವಾರ ಒಂದು ಪಾಲು ಬಲ ಹಾಕಿದರೆ ಮೋಟಾರೂ ಗರಿಷ್ಠ ಒಂದು ಪಾಲು, ವೇಗ ಹೆಚ್ಚಿದಂತೆ ಅದೂ ಕಡಿಮೆ ಎಂಬುದು ಆಗ ಅಲ್ಲಿನ ನಿಯಮ. ನಮ್ಮ ದೇಶದ ಮೋಟಾರು ವಾಹನ ನಿಯಮವೂ ಇಂಥ ಸೈಕಲನ್ನು ಮೋಟಾರು ವಾಹನವೆಂದು ಎಣಿಸುವುದಿಲ್ಲ. ಆದರೆ ಮೋಟಾರಿನ ಶಕ್ತಿ 250 ವ್ಯಾಟಿಗಿಂತ ಕಡಿಮೆ ಇರಬೇಕು, ಗಂಟೆಗೆ 25 ಕಿ.ಮೀ. ವೇಗ ತಲುಪುವಾಗ ಅದು ನಿಲ್ಲಬೇಕು, ಸವಾರ ತುಳಿಯುವುದನ್ನು ಬಿಟ್ಟರೆ ಅದಕ್ಕೂ ಮೊದಲೇ ನಿಲ್ಲಬೇಕು.

ಸವಾರ ತುಳಿಯುತ್ತಿದ್ದಾನೆಂದು ಮೋಟಾರಿಗೆ ತಿಳಿಯುವುದು ಹೇಗೆ? ಗುಟ್ಟು ಇರುವುದೇ ಇಲ್ಲಿ. ದುಬಾರಿ ಸೈಕಲುಗಳಲ್ಲಿ ಪೆಡಲಿನ ಮೇಲೆ ಬೀಳುವ ಬಲವನ್ನೇ ಅಳೆಯುವ ಸೆನ್ಸರ್ ಇರುತ್ತದೆ. ನೀವು ಜೋರಾಗಿ ತುಳಿದರೆ ಅದೂ ಜೋರು, ಮೆಲ್ಲನೆ ತುಳಿದರೆ ಅದೂ ಮೆಲ್ಲನೆ. ನಮ್ಮದರಂಥ ಅಗ್ಗದ ಸೈಕಲುಗಳಲ್ಲಿ ಪೆಡಲಿನ ಅಚ್ಚಿನ ಬಳಿ ಪುಟ್ಟ ಅಯಸ್ಕಾಂತಗಳ ಒಂದು ಬಿಲ್ಲೆ ಇರುತ್ತದಷ್ಟೆ. ಪೆಡಲ್ ತಿರುಗುತ್ತಿದೆಯೋ ಇಲ್ಲವೋ ಎಂಬುದಷ್ಟೇ ಅದಕ್ಕೆ ಗೊತ್ತು. ಬಲ ಹಾಕದೆ ಸುಮ್ಮನೆ ಕಾಲು ತಿರುಗಿಸಿದರೂ ಮೋಟಾರ್ ತನ್ನ ಪಾಲನ್ನು ಪೂರ್ತಿ ಕೊಟ್ಟುಬಿಡುತ್ತದೆ. ತಂದೆಯವರು ಮೊದಲ ವಾರವೆಲ್ಲ ಸಹಾಯದ ಮಟ್ಟವನ್ನು 3ಕ್ಕೆ ಇಟ್ಟು, ಕಾಲನ್ನು ನೆಪಕ್ಕೆ ತಿರುಗಿಸುತ್ತಾ ಬಂದಿದ್ದರು. ಉಮ್ಮ ಹೆದರಿದ್ದ ಸ್ಕೂಟರೇ ಅದು, ಪೆಡಲ್ ಇದ್ದದ್ದೊಂದೇ ವ್ಯತ್ಯಾಸ.

ಇನ್ನು ಬ್ಯಾಟರಿ. ಅದರ ಮೇಲೆ 36 ವೋಲ್ಟ್, 10 ಆಂಪಿಯರ್-ಗಂಟೆ ಎಂದು ಬರೆದಿದೆ. ಎರಡನ್ನೂ ಗುಣಿಸಿದರೆ 360 ವ್ಯಾಟ್-ಗಂಟೆ. ಇದು ಟ್ಯಾಂಕಿನಲ್ಲಿರುವ ಎಣ್ಣೆ ಎಂದುಕೊಳ್ಳಿ. 32 ಕಿ.ಮೀ. ಓಡಿತೆಂದರೆ ಕಿ.ಮೀ.ಗೆ 11 ವ್ಯಾಟ್-ಗಂಟೆ ಖರ್ಚು. 60 ಓಡಬೇಕಾದರೆ 6ರಲ್ಲೇ ಮುಗಿಯಬೇಕು. ಅಂಗಡಿಯವರದು ಅಸಾಧ್ಯದ ಮಾತಲ್ಲ. ಹಗುರ ಸವಾರ, ಸಮತಟ್ಟು ರಸ್ತೆ, ಗಾಳಿ ತುಂಬಿದ ಟಯರು, ಕಡಿಮೆ ಸಹಾಯ ಇದ್ದರೆ ಆದೀತು. ಆದರೆ ಆ ಷರತ್ತುಗಳನ್ನು ಅವರು ಹೇಳಿರಲಿಲ್ಲ.

ಆರಾಮವಾಗಿ ತುಳಿಯುವವನೂ 45 ವ್ಯಾಟಿನಷ್ಟು ಶಕ್ತಿ ಕೊಡಬಲ್ಲ. ಗಂಟೆಗೆ 15 ಕಿ.ಮೀ. ವೇಗದಲ್ಲಿ ಅದು ಕಿ.ಮೀ.ಗೆ 3 ವ್ಯಾಟ್-ಗಂಟೆ. 11ರಲ್ಲಿ 3 ಕಳೆಯಿರಿ, ಉಳಿದದ್ದು 8. ಅಂದರೆ ಅದೇ ಬ್ಯಾಟರಿಗೆ 45 ಕಿ.ಮೀ. ವೈದ್ಯರು ಬಯಸಿದ ವ್ಯಾಯಾಮವೂ ಅಷ್ಟೇ ಇದ್ದೀತು. ವೇಗದ ಲೆಕ್ಕ ಬೇರೆ ಇದೆ. 15ರ ಬದಲು 25ರಲ್ಲಿ ಹೋದರೆ, ಅದೇ ದೂರಕ್ಕೆ ಗಾಳಿಯನ್ನು ಸೀಳುವ ಖರ್ಚೊಂದೇ ಎರಡೂಮುಕ್ಕಾಲು ಪಟ್ಟಾಗುತ್ತದೆ.

ಏರಿನ ಬಗ್ಗೆ ನಮಗಿದ್ದ ಭಯ ಲೆಕ್ಕ ಹಾಕಿದ ಮೇಲೆ ಸ್ವಲ್ಪ ಇಳಿಯಿತು. ಸವಾರ, ಸೈಕಲ್, ಚೀಲ ಸೇರಿ 95 ಕಿಲೋ ಎಂದಿಟ್ಟುಕೊಂಡರೆ, 50 ಮೀಟರ್ ಎತ್ತರಕ್ಕೆ ಏರಿಸಲು 13 ವ್ಯಾಟ್-ಗಂಟೆ ಸಾಕು. ಮೋಟಾರಿನಲ್ಲಿ ಬಿಸಿಯಾಗಿ ಪೋಲಾಗುವುದು ಸೇರಿದರೆ 16, 17. ಸಮತಟ್ಟಿನಲ್ಲಿ 2 ಕಿ.ಮೀ. ಓಡುವಷ್ಟು! ಬೆಳಿಗ್ಗೆ ಇಳಿಜಾರಿನಲ್ಲಿ ಅದು ಮರಳಿ ಸಿಗುವುದೆಂದು ತಿಳಿಯಬಾರದು. ನಮ್ಮದರಂಥ ಸೈಕಲುಗಳಲ್ಲಿ ಅದೆಲ್ಲ ಬ್ರೇಕಿನ ಪಾಲು. ಅಪಾಯ ಇರುವುದು ಬೇರೆ ಕಡೆ. ಏರಿನಲ್ಲಿ ಮೋಟಾರ್ ಒಮ್ಮೆಲೇ ಹೆಚ್ಚು ಕರೆಂಟ್ ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ. ಬ್ಯಾಟರಿ ಅಷ್ಟರಲ್ಲೇ ತಳ ಕಂಡಿದ್ದರೆ, ಅದರೊಳಗಿನ ರಕ್ಷಣಾ ಸರ್ಕ್ಯೂಟ್ ಸೆಲ್ಲುಗಳನ್ನು ಕಾಪಾಡಲು ಕರೆಂಟನ್ನೇ ಕಡಿದುಬಿಡುತ್ತದೆ. ಸಮತಟ್ಟಿಗೆ ಬಂದರೆ ಅದೇ ಬ್ಯಾಟರಿಗೆ ಮತ್ತೆ ಜೀವ! ಮೀಟರಿನಲ್ಲಿ ನಿಂತಾಗ ಮೂರು ಗೆರೆ, ಏರಿನಲ್ಲಿ ಒಂದೇ ಗೆರೆ ಕಾಣುವುದೂ ಇದರಿಂದಲೇ. ಎಂದೇ ನಾವು ಗೆರೆ ನಂಬುವುದನ್ನು ಬಿಟ್ಟು ಕಿಲೋಮೀಟರ್ ಬರೆದಿಡತೊಡಗಿದೆವು. ಲೆಕ್ಕದ ಮನುಷ್ಯನಿಗೆ ಇದು ಇಷ್ಟವಾಗದಿರುತ್ತದೆಯೇ? ಕ್ಯಾಲೆಂಡರಿನ ಮೇಲೆ ಪೆನ್ಸಿಲಿನಲ್ಲಿ ತಂದೆಯವರೇ ಬರೆಯುತ್ತಾರೆ.

ಈಗ ಅವರು ಹಂಪನಕಟ್ಟೆಯ ಏರಿನ ಬುಡದಲ್ಲಿ 3 ಒತ್ತುತ್ತಾರೆ, ಮೇಲೆ ಬಂದೊಡನೆ 1ಕ್ಕೆ ಇಳಿಸುತ್ತಾರೆ. 45 ಕಿ.ಮೀ. ಬರತೊಡಗಿತ್ತು, ಮೂರು ದಿನಕ್ಕೊಮ್ಮೆ ಚಾರ್ಜ್ ಮಾಡಿದರೆ ಸಾಕಾಗುತ್ತಿತ್ತು. ಲಿಥಿಯಂ ಬ್ಯಾಟರಿಗೂ ವಯಸ್ಸಾಗುತ್ತದೆ, ಸೆಕೆಯಲ್ಲಂತೂ ಬೇಗ. ಈ ವರ್ಷ ಅದು 40ಕ್ಕೆ ಇಳಿದಿದೆ. ಉಮ್ಮ ಈಗ ಎರಡು ದಿನಕ್ಕೊಮ್ಮೆ, ಬ್ಯಾಟರಿ ತಣ್ಣಗಾದ ಮೇಲೆ, ಅದರ ಜೊತೆ ಬಂದ ಚಾರ್ಜರನ್ನೇ ಹಚ್ಚುತ್ತಾರೆ. ಎರಡೂವರೆ ಗಂಟೆ ಸಾಕು. ಮಲಗುವ ಮುನ್ನ ತೆಗೆದಿಡುತ್ತಾರೆ.